ಬಕುಳದ ಬುಡ

"ಈ ಬಾಗ ಹಸರಾಗೂದಿಲ್ಲ, ಹಮಾಲ ಗಿರಮಲ್ಲನ ಮಗಾ ಬಿ.ಎ. ಆಗೂದಿಲ್ಲ. ಎರಡರಾಗ ಒಂದ ಆತಂದ್ರೂ ನಾ ಕತ್ತಿ ಮ್ಯಾಲೆ ಕುಂತು ಪೇಟಿ ಸುತ್ತತೇನಿ, ಬರ್ರಿ ನೋಡಾಕ!"

ಹೀಗೆ ಕತ್ತೆ ಹತ್ತುವ ಮಾತು ಆಡಿದವರು ಸಾಂಗ್ಲಿಯ ಅರಿಷಿಣ ಪೇಟೆಯಲ್ಲಿ ಅಡತಿ ಅಂಗಡಿ ಇಟ್ಟಿದ್ದ ಶಿವರುದ್ರ ಶೇಠಜಿ. ತಮ್ಮ ಗಾದಿಯ ಮೇಲೆ ಕುಳಿತು, ಎಲೆಗೆ ಸುಣ್ಣ ಹಚ್ಚುತ್ತ, ನಾಲ್ಕು ಮಂದಿ ಕೇಳುವಂತೆ ಅಂದರು. ಆ ಗಿರಮಲ್ಲ ನನ್ನ ಅಪ್ಪ. ಅವನು ಅಲ್ಲೇ ಬಾಗಿಲಲ್ಲಿ ಬೆನ್ನ ಮೇಲೆ ಚೀಲ ಹೊತ್ತು ನಿಂತಿದ್ದ.

ಬಾಗ, ಅಂದರೆ ಪೇಟೆಯ ಹಿಂದಿನ ಹೂದೋಟ, ಹಸಿರಾಯಿತು. ನಾನು ಬಿ.ಎ. ಆದೆ. ಎದೆ ಉಬ್ಬಿಸಿ ಇದನ್ನು ಹೇಳುವ ಹಕ್ಕು ನನಗಿದೆ, ಯಾರೂ ಕಸಿದುಕೊಳ್ಳಲಾರರು — ಆದರೆ ಆ ಎರಡರ ನಡುವೆ ನಾನೊಂದು ಸುಳ್ಳು ಹೇಳಿದ್ದೇನೆ. ಒಂದೇ ಶಬ್ದದ ಸುಳ್ಳು. ಅದರಿಂದಾಗಿ, ಆ ಬಾಗಿಗೆ ಎಲ್ಲರಿಗಿಂತ ಮೊದಲು ಕೈಹಚ್ಚಿದವನೇ ಬಾಗಿನಿಂದ ಹೊರಗೆ ಹೋದ. ಅವನ ಹೆಸರು ಆದಗೊಂಡ. ನಾವೆಲ್ಲ ತಾತ್ಯಾ ಅನ್ನುತ್ತಿದ್ದೆವು. ಬಕುಳದ ಗಿಡ ಕಡಿದವನು ತಾತ್ಯಾ — ಇದು ಊರಿಗೆಲ್ಲ ಗೊತ್ತು. ಕಡಿ ಎಂದು ಹೇಳಿದವನು ನಾನು. ಇದು ಇಬ್ಬರಿಗೇ ಗೊತ್ತು: ಅವನಿಗೆ, ನನಗೆ. ಇವತ್ತಿನಿಂದ ನಿಮಗೂ.

ಆಗಿನ್ನೂ ಸಂಸ್ಥಾನವಿತ್ತು. ನಮ್ಮ ಗಲ್ಲಿ ಹಮಾಲರ ಗಲ್ಲಿ. ಅರಿಷಿಣದ ಧೂಳು ನಮ್ಮ ಗಂಡಸರ ರಟ್ಟೆ, ಕುತ್ತಿಗೆ, ಧೋತರ — ಎಲ್ಲದರಲ್ಲೂ ಇಳಿದಿರುತ್ತಿತ್ತು. ನಮ್ಮ ಅವ್ವ ನಗುತ್ತಿದ್ದಳು: "ಮಂದಿಗೆ ಮದಿವ್ಯಾಗ ಅಷ್ಟ ಅರಿಷಿಣ, ನಮ್ಮ ಗಂಡ್ರ ದಿನಾ ಮದುಮಕ್ಕಳು." ಗಲ್ಲಿಗೆ ತಂತಿಯ ತಾರು ಬಂದರೆ ಓದುವವರಿಲ್ಲದೆ ಅಂಚೆ ಆಫೀಸಿನ ತನಕ ಅಳುತ್ತ ಓಡಬೇಕಾಗಿತ್ತು. ಅಂಥ ಗಲ್ಲಿಯಿಂದ ನಾನು ಮ್ಯಾಟ್ರಿಕ್ ದಾಟಿ ಕಾಲೇಜಿಗೆ ಕಾಲಿಟ್ಟೆ. ಯಾರೂ ದಾರಿ ತೋರಿಸಲಿಲ್ಲ. ತೋರಿಸಲು ಯಾರಿಗೂ ದಾರಿ ಗೊತ್ತಿರಲಿಲ್ಲ.

ಪೇಟೆಯ ಹಿಂದೆ ಒಂದು ಬಯಲು. ಹಿಂದೊಮ್ಮೆ ಸಂಸ್ಥಾನದವರು ಬಾಗ ಮಾಡಿಸಿದ್ದರಂತೆ. ಕಲ್ಲಿನ ಕಾರಂಜಿ ಒಣಗಿ ನಿಂತಿತ್ತು, ಅದರೊಳಗೆ ಆಡು ಈದಿದ್ದವು. ಗಾಡಿಯವರು ಎತ್ತು ಬಿಚ್ಚುವುದು ಅಲ್ಲೇ, ಅಂಗಡಿಯವರು ಹೊಟ್ಟು ಸುರಿಯುವುದು ಅಲ್ಲೇ. ನಡುವೆ ಒಂದು ಬಕುಳದ ಗಿಡ — ಅರಮನೆಯ ಹಿರಿಯ ಬಾಯಿಸಾಹೇಬರು ತಮ್ಮ ಕೈಯಾರೆ ನೆಟ್ಟದ್ದು ಅಂತ ಹೇಳಿಕೆ. ಅದೂ ಅರ್ಧ ಒಣಗಿತ್ತು.

ತಾತ್ಯಾ ಸಮಡೋಳಿಯವನು, ಜೈನರ ಒಕ್ಕಲುಮನೆಯ ಮಗ. ನಮ್ಮ ಗಲ್ಲಿಯಲ್ಲಿ ಅವನ ಮಾವಶಿಯ, ಅವ್ವನ ತಂಗಿಯ, ಮನೆ. ಅಲ್ಲಿದ್ದುಕೊಂಡು ದಿನಾ ಬೆಳಿಗ್ಗೆ ಕಾಯಿಪಲ್ಲೆ ಗಾಡಿ ಹೂಡಿಕೊಂಡು ಮಿರಜಿನ ಬಾಜಾರಕ್ಕೆ ಹೋಗುತ್ತಿದ್ದ. ನನ್ನ ಕಾಲೇಜು ಅದೇ ದಾರಿಯಲ್ಲಿ. ಬದನೆಕಾಯಿ ಬುಟ್ಟಿಗಳ ನಡುವೆ ನನ್ನನ್ನು ಕೂರಿಸಿಕೊಂಡು ಹೋಗಿ ಕಾಲೇಜಿನ ಮುಂದೆ ಇಳಿಸುತ್ತಿದ್ದ. "ಉತರಾ, ಬ್ಯಾರಿಸ್ಟರ್!" ಅನ್ನುತ್ತಿದ್ದ. ಇಳಿಯಿರಿ, ಬ್ಯಾರಿಸ್ಟರೇ! ಹುಡುಗರು ನಗುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು — ಅದನ್ನೂ ಹೇಳಿಬಿಡುತ್ತೇನೆ — ಗಾಡಿ ಇಲ್ಲದಿದ್ದರೆ ನಡೆದು ನಡೆದೇ ನನ್ನ ಓದು ಮುಗಿದುಹೋಗುತ್ತಿತ್ತು ಅನ್ನುವುದು ಗೊತ್ತಿದ್ದೂ.

ಬಾಗಿನ ಮಾತು ಮೊದಲು ತೆಗೆದವನು ಅವನೇ. ಮಧ್ಯಾಹ್ನ ಹಮಾಲರು ಬಿಸಿಲಲ್ಲಿ ಚೀಲದ ಮೇಲೆ ಕುಳಿತು ರೊಟ್ಟಿ ತಿನ್ನುವುದನ್ನು ನೋಡಿ, "ಶಿವ್ಯಾ, ಹಿತಂ ಸಾವಲಿ ಪಾಹಿಜೆ ರೇ" ಅಂತ ನನಗೆ ಅಂದ. ಇಲ್ಲಿ ನೆರಳು ಬೇಕಲ್ಲೋ. ಅಷ್ಟೇ ಅಂದದ್ದು. ಮರುದಿನ ಕಾಯಿಪಲ್ಲೆ ಇಳಿಸಿ ಬಂದವನು ಅದೇ ಗಾಡಿಗೆ ಹೊಟ್ಟು, ಕಸ ತುಂಬತೊಡಗಿದ. ನಾನೂ ಬುಟ್ಟಿ ಹಿಡಿದೆ. ನನ್ನ ಅಪ್ಪ ಬಂದ, ಅಪ್ಪನ ಜೋಡಿಯ ಹಮಾಲರು ಬಂದರು. ಪೇಟೆ ಅಮಾವಾಸ್ಯೆಗೆ ಬಂದ್ ಇರುತ್ತದೆ. ಹಮಾಲರಿಗೆ ಅದೊಂದೇ ಸೂಟಿ. ಆ ಸೂಟಿಯ ದಿನ ಮಲಗಬೇಕಾದವರು ಸಲಿಕೆ ಹಿಡಿದರು. ಬೇರೆಯವರ ಚೀಲ ಹೊತ್ತ ಬೆನ್ನುಗಳು ಮೊದಲ ಸಲ ತಮ್ಮದೊಂದು ಕೆಲಸಕ್ಕೆ ಬಾಗಿದವು. ಆಡುಗಳ ಯಜಮಾನರು ಜಗಳ ತೆಗೆದರು, ಗಾಡಿಯವರು ಬೈದರು. ಶೇಠಜಿ ಕತ್ತೆಯ ಮಾತು ಆಡಿದ್ದು ಆಗಲೇ. ನಾವು ಮಂಡಳಿ ಕಟ್ಟಿದೆವು. ಹೆಸರಿಗೆ ಒಬ್ಬ ದೊಡ್ಡ ಮನುಷ್ಯರು ಬೇಕು ಅಂತ ಸಂಸ್ಥಾನದ ನೌಕರಿಯಲ್ಲಿದ್ದ ಒಬ್ಬ ಸಾಹೇಬರನ್ನು ಅಧ್ಯಕ್ಷರನ್ನಾಗಿ ಮಾಡಿದೆವು. ರಾವಸಾಹೇಬರು ಅಂತಲೇ ಎಲ್ಲರೂ ಕರೆಯುತ್ತಿದ್ದರು. ಮರಾಠಿ ಮನುಷ್ಯರು, ಶಿಸ್ತಿನವರು, ಕನ್ನಡ ಬಾರದು. ನನ್ನ ಕೊನೆಯ ವರ್ಷದ ಶಿಷ್ಯವೃತ್ತಿ ಅವರ ಶಿಫಾರಸಿನ ಮೇಲೆ ನಿಂತಿತ್ತು.

ಈಗ ಆ ದಿನಕ್ಕೆ ಬರುತ್ತೇನೆ. ಬರಲೇಬೇಕು.

ಅಮಾವಾಸ್ಯೆ. ಸಂಜೆಗೆ ರಾವಸಾಹೇಬರು ನೋಡಲು ಬರುವವರಿದ್ದರು. ಬಕುಳವನ್ನು ಬದುಕಿಸಬೇಕು, ಬುಡದ ಸುತ್ತ ಮಣ್ಣು ಅಗೆದು ಗೊಬ್ಬರ ಹಾಕಿ ನೀರು ನಿಲ್ಲಿಸಬೇಕು ಅಂತ ಅವರು ನನಗೆ ಮೊದಲೇ ಹೇಳಿದ್ದರು — ಮಂಡಳಿಯಲ್ಲಿ ಅವರ ಮಾತನ್ನು ಕನ್ನಡದಲ್ಲಿ ಹೇಳುವವನು ನಾನೇ. ಬೆಳಿಗ್ಗೆ ಎಲ್ಲರಿಗೂ ಕೆಲಸ ಹಂಚಿದೆ. ಕೆಲವರು ಬಾವಿಯ ಕಡೆ, ಕೆಲವರು ಬೇಲಿಯ ಕಡೆ. ತಾತ್ಯಾನಿಗೆ ಅಂದೆ: "ಬಕುಳದ ಬುಡಾ ತೋಡು."

ಕನ್ನಡದಲ್ಲಿ ತೋಡು ಅಂದರೆ ಅಗೆ. ಬಾವಿ ತೋಡುತ್ತೇವೆ, ಕಾಳಿನ ಹಗೇವು ತೋಡುತ್ತೇವೆ. ಮರಾಠಿಯಲ್ಲಿ ಅದೇ ತೋಡ ಅಂದರೆ ಕಡಿ. ಬುಡ ಎರಡರಲ್ಲೂ ಬುಡವೇ. ನಮ್ಮ ಕಡೆ ಹುಟ್ಟಿದವರಿಗೆ ಇದು ಹೊಸದಲ್ಲ; ಎರಡೂ ಮಾತು ಒಂದೇ ಬಾಯಲ್ಲಿ ಇಟ್ಟುಕೊಂಡವರು ನಾವು, ಎದುರಿಗಿರುವವನ ಕಿವಿ ಯಾವುದು ಅಂತ ನೋಡಿ ಮಾತಾಡುತ್ತೇವೆ. ತಾತ್ಯಾನ ಕಿವಿ ನನಗೆ ಚೆನ್ನಾಗಿ ಗೊತ್ತಿತ್ತು. ಅವನ ಅವ್ವ ಕನ್ನಡದವಳು — ಊಟ, ನೀರು, ದೇವರು, ಬೈಗುಳ, ಇಷ್ಟೆಲ್ಲ ಅವನಿಗೆ ಕನ್ನಡದಲ್ಲೇ ಬರುತ್ತಿತ್ತು. ಹೊಲದ ಮಾತು, ಗಿಡದ ಮಾತು ಮಾತ್ರ ಮರಾಠಿ. ಅಗೆಯುವುದಕ್ಕೆ ಅವನು ಖಣ ಅನ್ನುತ್ತಿದ್ದ. ಒಂದು ದಿನವೂ ತೋಡು ಅಂದದ್ದು ನಾನು ಕೇಳಿರಲಿಲ್ಲ.

ಇಷ್ಟೇ ಆಗಿದ್ದರೆ ಅದು ಮಾತಿನ ತಪ್ಪು. ನಕ್ಕು ಬಿಡಬಹುದಿತ್ತು. ಆದರೆ ತಾತ್ಯಾ ತಿರುಗಿ ಬಂದ.

ನಾನು ಕಾರಂಜಿಯ ಕಟ್ಟೆಯ ಮೇಲೆ ಇಂಗ್ಲಿಷ್ ಪುಸ್ತಕ ಬಿಚ್ಚಿ ಕುಳಿತಿದ್ದೆ. ಪರೀಕ್ಷೆ ಹತ್ತಿರ ಬಂದಿತ್ತು, ಅದು ನಿಜ. ಮೈಯೆಲ್ಲ ಮಣ್ಣಾದವರ ನಡುವೆ ಒಬ್ಬನೇ ಪುಸ್ತಕ ಹಿಡಿದು ಕೂರುವುದು ಹಿತವಾಗಿತ್ತು — ಅದೂ ನಿಜ. ಅಪ್ಪ ಆ ದಿನ ಬಾವಿಯ ಕಡೆ ಇದ್ದ. ಹತ್ತಿರ ಯಾರೂ ಇರಲಿಲ್ಲ. ತಾತ್ಯಾ ಬಂದು ಬೆವರು ಒರೆಸಿಕೊಳ್ಳುತ್ತ ಕೇಳಿದ:

"ಬುಡಾಪಾಸೂನ ತೋಡಾಯ್ಚಂ ಕಾ ರೇ? ಸಗಳಂ?"

ಬುಡದಿಂದಲೇ ಕಡಿಯುವುದೇನೋ? ಪೂರ್ತಿ? — ಅಂತ. ಅಪ್ಪಟ ಮರಾಠಿಯಲ್ಲಿ. ನಾನು ತಲೆ ಎತ್ತಲಿಲ್ಲ.

"ಹೂಂ, ಬುಡದಿಂದನ. ಎಷ್ಟ ಸಲ ಕೇಳತಿ ಮಾರಾಯಾ?"

ಅವನು ಹೋದ. ಸ್ವಲ್ಪ ಹೊತ್ತಿಗೆ ಕೊಡಲಿಯ ಸದ್ದು ಕಿವಿಗೆ ಬಿತ್ತು. ಬೇಲಿಗೆ ಗೂಟ ಕಡಿಯುತ್ತಿದ್ದಾರೆ ಅಂದುಕೊಂಡು ಪುಟ ತಿರುವಿದೆ. ಗಿಡ ಬಿದ್ದ ಸದ್ದಿಗೆ ಎದ್ದು ನಿಂತೆ.

ಆಗ ನಾನು ಅವನ ಪ್ರಶ್ನೆಯನ್ನು ಕನ್ನಡದ ಕಿವಿಯಿಂದ ಕೇಳಿದೆನೋ, ಮರಾಠಿಯ ಕಿವಿಯಿಂದಲೋ? ಎಷ್ಟೋ ವರ್ಷ ಇದನ್ನೇ ಕೆದಕಿಕೊಂಡಿದ್ದೇನೆ. ಕೇಳಿಯೇ ಇರಲಿಲ್ಲ ಅನ್ನುವುದು ಹತ್ತಿರದ ಮಾತು. ಪೂರ್ತಿ ಅಂತ ಒಬ್ಬ ಕೇಳಿದಾಗ ಯಾವುದನ್ನು ಪೂರ್ತಿ ಅಂತ ನೋಡದವನು — ಇರಲಿ. ಇದು ನನ್ನನ್ನು ಉಳಿಸುವುದಿಲ್ಲ, ಉಳಿಸಲೂಬಾರದು. ಏಕೆಂದರೆ ನಾನು ನಿವೇದಿಸಬೇಕಾದದ್ದು ಕಟ್ಟೆಯ ಮೇಲೆ ಆಡಿದ ಮಾತಲ್ಲ. ಸಂಜೆ ಆಡಿದ್ದು.

ರಾವಸಾಹೇಬರು ಬಂದರು. ಬಿದ್ದ ಗಿಡ ನೋಡಿ ಅವರ ಮುಖ ಬಿಳಿಚಿತು. ಅರಮನೆಯಿಂದ ಯಾರಾದರೂ ಕೇಳಿದರೆ ಉತ್ತರ ಕೊಡಬೇಕಾದವರು ಅವರು. "ಕೋಣೀ ಸಾಂಗಿತಲಂ?" ಅಂದರು — ಯಾರು ಹೇಳಿದ್ದು? ಎಲ್ಲರೂ ಸುತ್ತ ನಿಂತಿದ್ದರು. ನಾನು ಮುಂದೆ ಬಂದೆ. ನನ್ನ ನಾಲಿಗೆ ಚುರುಕು, ಮರಾಠಿ ಶುದ್ಧ. ನಾನು ಅಗೆಯಲು ಹೇಳಿದೆ ಸಾಹೇಬರೇ, ಕನ್ನಡದಲ್ಲಿ ತೋಡು ಅಂದರೆ ಅಗೆ, ಇವನು ಮರಾಠಿಯ ತೋಡ ಅಂತ ತಿಳಿದ — ಅಂತ ಬಿಡಿಸಿ ಹೇಳಿದೆ. ಒಬ್ಬ ನಕ್ಕ, ಆಮೇಲೆ ಎಲ್ಲರೂ ನಕ್ಕರು. ರಾವಸಾಹೇಬರ ಮುಖವೂ ಸ್ವಲ್ಪ ಸಡಿಲಾಯಿತು. ನನ್ನ ಮಾತಿನಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಆ ತನಕ.

ತಾತ್ಯಾ ನಗಲಿಲ್ಲ. "ಮೀ ವಿಚಾರಲಂ ಹೋತಂ, ರಾವಸಾಹೇಬ" ಅಂದ. ನಾನು ಇವನನ್ನು ಮೊದಲೇ ಕೇಳಿದ್ದೆ — ಅಂತ. ಹಾಗೆ ಅಂದವನು ನನ್ನ ಕಡೆ ನೋಡಿದ — ಸಿಟ್ಟಿನಿಂದಲ್ಲ, ದೂರಿನಿಂದಲ್ಲ. ಉಳಿದದ್ದನ್ನು ನೀನು ಹೇಳು ಅನ್ನುವ ಹಾಗೆ. ಗಾಡಿಯಲ್ಲಿ ಜಾಗ ಬಿಡುವಾಗ ನೋಡುತ್ತಿದ್ದ ಹಾಗೆ.

ರಾವಸಾಹೇಬರು ನನ್ನನ್ನು ಕೇಳಿದರು: ಕೇಳಿದ್ದನೇ ಇವನು?

ಹೌದು ಅಂದರೆ ಏನಾಗುತ್ತದೆ ಅಂತ ನನಗೆ ಸ್ಪಷ್ಟವಾಗಿ ಕಂಡಿತು. ಬಾಯಿಸಾಹೇಬರ ಗಿಡವನ್ನು ಪುಸ್ತಕ ಓದುತ್ತ ಕಡಿಸಿದ ಹುಡುಗನಿಗೆ ಶಿಷ್ಯವೃತ್ತಿ ಕೊಡಿಸುವವರು ಯಾರು? ಅಪ್ಪ ಎರಡು ಚೀಲ ಹೊತ್ತರೂ ಆ ವರ್ಷದ ಫೀ ತುಂಬುತ್ತಿರಲಿಲ್ಲ. ತಾತ್ಯಾನಿಗೆ ಏನು ಹೋಗುತ್ತದೆ, ಅವನಿಗೆ ಹೊಲವಿದೆ, ಗಾಡಿಯಿದೆ — ಹೀಗೂ ಅಂದುಕೊಂಡೆ. ಇಷ್ಟೆಲ್ಲ ಯೋಚಿಸುವಷ್ಟು ಹೊತ್ತು ನನಗೆ ಸಿಕ್ಕಿತು. ಬಾಯಿ ತಪ್ಪಿ ಬಂದ ಮಾತಲ್ಲ ಅದು.

"ನಾಹೀ" ಅಂದೆ. ಇಲ್ಲ.

ಇನ್ನು ಮೇಲೆ ತಾತ್ಯಾ ಮಂಡಳಿಯ ಕೆಲಸಕ್ಕೆ ಬರುವುದು ಬೇಡ ಅಂತ ರಾವಸಾಹೇಬರು ಹೇಳಿದರು. ಅವನು ತನ್ನ ಎತ್ತು ಹೂಡಿಕೊಂಡು, ಸಲಿಕೆಯನ್ನು ಬೇಲಿಗೆ ಒರಗಿಸಿ ಇಟ್ಟು ಹೋದ. ಆ ಸಲಿಕೆ ಅವನದೇ. ಮರುದಿನದಿಂದ ಪೇಟೆಯಲ್ಲಿ ಅವನ ಹೆಸರು ಝಾಡತೋಡ್ಯಾ — ಗಿಡ ಕಡುಕ. ಸಣ್ಣ ಮಕ್ಕಳೂ ಗಾಡಿಯ ಹಿಂದೆ ಕೂಗುತ್ತಿದ್ದರು.

ಇನ್ನೂ ಒಂದಿದೆ, ಇದನ್ನು ಬರೆಯುವುದು ಎಲ್ಲಕ್ಕಿಂತ ಕಷ್ಟ. ಮರುದಿನ ಬೆಳಿಗ್ಗೆ ಅವನ ಗಾಡಿ ದಿನದಂತೆ ನಮ್ಮ ಮನೆಯ ಮುಂದೆ ನಿಂತಿತು. "ಚಲ ರೇ, ಉಶೀರ ಹೋತೋಯ" ಅಂದ. ಹೊತ್ತಾಗುತ್ತದೆ, ನಡಿ. ಅಷ್ಟೇ. ಅವನು ಬಂದದ್ದು ನನ್ನಿಂದ ಒಂದು ಮಾತು ಕೇಳಲಿಕ್ಕೆ. ಬೇರೆ ಯಾರ ಮುಂದೂ ಅಲ್ಲ, ಆ ಬುಟ್ಟಿಗಳ ನಡುವೆ ಹೇಳಿದ್ದರೂ ಸಾಕಿತ್ತು. ನಾನು ಒಳಗಿನಿಂದಲೇ, "ನೀ ಹೋಗು, ಇವತ್ತ ನಾ ನಡಕೊಂಡು ಬರ್ತೇನಿ" ಅಂದೆ. ಎತ್ತಿನ ಗಂಟೆ ಸದ್ದು ದೂರವಾಗುವ ತನಕ ಬಾಗಿಲ ಹಿಂದೆ ನಿಂತಿದ್ದೆ. ಅಂದಿನಿಂದ ಆ ಗಾಡಿ ನಮ್ಮ ಬಾಗಿಲಲ್ಲಿ ನಿಲ್ಲಲಿಲ್ಲ. ಮುಂದೆ ಅವನು ಮಾವಶಿಯ ಮನೆಯನ್ನೂ ಬಿಟ್ಟು ಸಮಡೋಳಿಗೆ ಹೋದ.

ಬಾಗ ಏನಾಯಿತು ಎನ್ನುತ್ತೀರಾ? ಬಾಗ ಆಯಿತು! ಅದನ್ನು ಹೇಳುವಾಗ ಇವತ್ತಿಗೂ ನನ್ನ ದನಿ ಏರುತ್ತದೆ. ಹಮಾಲರು ಬಾವಿಯ ಹೂಳು ತೆಗೆದರು, ನೀರು ಬಂತು. ಮಲ್ಲಿಗೆ ಬಂತು, ಕಣಗಿಲೆ ಬಂತು, ಬೇವು ಹೊಂಗೆ ನೆರಳು ಕೊಟ್ಟವು. ಮಧ್ಯಾಹ್ನ ನಮ್ಮ ಗಲ್ಲಿಯ ಗಂಡಸರು ಕಾರಂಜಿಯ ಪಕ್ಕ ಕುಳಿತು ರೊಟ್ಟಿ ಬಿಚ್ಚುತ್ತಿದ್ದರು. ಸಂಜೆ ಒಳ್ಳೊಳ್ಳೆ ಮನೆಯ ಹೆಣ್ಣುಮಕ್ಕಳು ಅರಿಷಿಣ ಕುಂಕುಮಕ್ಕೆ ಅಲ್ಲೇ ಸೇರುತ್ತಿದ್ದರು. ಮಿರಜಿನಿಂದ ಬಂದವರು ಹೊಟ್ಟೆಕಿಚ್ಚುಪಟ್ಟರು. ಶೇಠಜಿಯೂ ಒಂದು ದಿನ ವಾಯುಸೇವನೆಗೆ ಬಂದರು. ಹಮಾಲ ಮಂದಿ ಬಿಡುತ್ತಾರೆಯೇ? "ಶೇಠಜಿ, ಕತ್ತಿಗೆ ಮೇವ ಹಾಕೇವ್ರಿ, ಯಾವಾಗ ಹತ್ತತೀರಿ?" ಅಂದರು. "ಹೋಗ್ರ್ಯೋ! ಅರ್ಧಾ ಆಗೈತಿ, ಇನ್ನರ್ಧಾ ಆಗಲಿ ತಡೀರಿ" ಅಂದರು ಅವರು. ಆ ಇನ್ನರ್ಧವೂ ಆಯಿತು. ಆವತ್ತು ಅವರು ಕತ್ತೆ ಹತ್ತಲಿಲ್ಲ, ನಮ್ಮ ಮನೆಗೆ ಪೇಢೆ ಕಳಿಸಿದರು. ಅಪ್ಪ ಒಂದನ್ನೂ ತಿನ್ನದೆ ಗಲ್ಲಿಗೆ ಹಂಚಿದ.

ಈಗ ನಾನು ಶಾಲೆಯ ಮಾಸ್ತರ. ನನ್ನ ಕೈಯಲ್ಲಿ ಓದಿದ ಹಮಾಲರ ಮಕ್ಕಳು ಕಚೇರಿಗಳಲ್ಲಿ ಕುರ್ಚಿಯ ಮೇಲೆ ಕೂರುತ್ತಾರೆ. ನಮ್ಮ ಗಲ್ಲಿಯಲ್ಲಿ ತಾರು ಬಂದರೆ ಯಾರೂ ಓಡುವುದಿಲ್ಲ. ಇದೆಲ್ಲ ನನ್ನ ಹೆಮ್ಮೆ, ಅದನ್ನು ಬಚ್ಚಿಡಲಾರೆ.

ಒಮ್ಮೆ ತಾತ್ಯಾ ಸಿಕ್ಕಿದ್ದ. ಮಿರಜ ಸ್ಟೇಷನ್ನಿನ ಹೊರಗೆ, ತಲೆಗೆ ರುಮಾಲು, ಕೂದಲು ನರೆತಿತ್ತು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. "ಕಾಯ್ ಮಾಸ್ತರ!" ಅಂದ. ಮಕ್ಕಳು ಮರಿ ವಿಚಾರಿಸಿದ. ನಾನು ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಅಂತ ನಿಂತೆ. ಅವನೇ ಕೇಳಿದ, ಈ ಸಲ ಕನ್ನಡದಲ್ಲಿ: "ಬ್ಯಾಸಿಗ್ಯಾಗ ನೀರ ಸಾಲತೈತಿ ಏನು, ಬಾಗಿಗೆ?"

ಸಾಲತೈತಿ ಅಂದೆ. ಅವನ ಊರಿನ ಬಂಡಿ ಬಂತು, ಹತ್ತಿ ಹೋದ.

ಮಂಡಳಿಯವರು ಈಗ ಬಾಗಿನ ಬಾಗಿಲಲ್ಲಿ ಒಂದು ಕಲ್ಲು ನಿಲ್ಲಿಸುತ್ತಾರೆ, ಬಾಗ ಕಟ್ಟಿದವರ ಹೆಸರು ಕೆತ್ತಿಸಿ. ಮೊದಲ ಹೆಸರು ನಿಮ್ಮದೇ ಮಾಸ್ತರ ಅಂದರು. ಮುಂದಿನ ಅಮಾವಾಸ್ಯೆಯ ಸಭೆಯಲ್ಲಿ ನಾನು ಇದೇ ಬರಹವನ್ನು ಎದ್ದು ನಿಂತು ಓದುತ್ತೇನೆ, ಒಂದು ಸಾಲೂ ಬಿಡದೆ. ಮೊದಲ ಹೆಸರು ಆದಗೊಂಡನದು. ನನ್ನದನ್ನು ಇಡುವುದೋ ಬಿಡುವುದೋ ಅವರಿಗೆ ಬಿಟ್ಟದ್ದು. ಅದಕ್ಕೂ ಮೊದಲು ಸಮಡೋಳಿಗೆ ಹೋಗಿ ಅವನ ಅಂಗಳದಲ್ಲಿ ಓದುತ್ತೇನೆ. ಅವನು ಏನು ಅನ್ನುತ್ತಾನೋ ಗೊತ್ತಿಲ್ಲ. ಏನೂ ಅನ್ನದೆ ಹೋದರೂ ಸರಿ. ಕ್ಷಮೆ ಬೇಡಿ ಅವನ ಮೇಲೆ ಮತ್ತೊಂದು ಭಾರ ಹೊರಿಸಲಾರೆ.

ಮೊದಲೇ ಹೇಳಬೇಕಾದದ್ದೊಂದನ್ನು ಕೊನೆಗೆ ದೂಡಿದ್ದೇನೆ. ನನ್ನ ಪದವಿಯ ಪ್ರಮಾಣಪತ್ರ ವಿದ್ಯಾಪೀಠದಿಂದ ಅಂಚೆಯಲ್ಲಿ ಬಂದಿತ್ತು. ಅದನ್ನು ಬಾಗಿನಲ್ಲೇ, ಎಲ್ಲರ ಮುಂದೆ ಕೊಡಬೇಕು ಅಂತ ಮಂಡಳಿ ಠರಾವು ಮಾಡಿತು. ತೋರಣ ಕಟ್ಟಿದ್ದರು, ಹಮಾಲರೆಲ್ಲ ತೊಳೆದ ಅಂಗಿ ಹಾಕಿಕೊಂಡು ಬಂದಿದ್ದರು. ಅವ್ವನ ಕಣ್ಣು ಒದ್ದೆಯಾಗಿದ್ದವು. ರಾವಸಾಹೇಬರು ನನ್ನ ಕೈಗೆ ಕಾಗದ ಕೊಟ್ಟು ಬೆನ್ನು ತಟ್ಟಿದರು. ನಾನು ನೇರ ಹೋಗಿ ಅದನ್ನು ಅಪ್ಪನ ಕೈಯಲ್ಲಿ ಇಟ್ಟೆ. ಚಪ್ಪಾಳೆ ಬಿತ್ತು — ಅಷ್ಟು ದೊಡ್ಡ ಚಪ್ಪಾಳೆ ನಮ್ಮ ಗಲ್ಲಿಯವರಿಗೆ ಅದಕ್ಕೂ ಮೊದಲು ಯಾರೂ ಹೊಡೆದಿರಲಿಲ್ಲ.

ಅಪ್ಪನಿಗೆ ಓದು ಬಾರದು. ಅಂಗೈ ಧೋತರಕ್ಕೆ ಒರೆಸಿಕೊಂಡು ಕಾಗದ ಹಿಡಿದ.

"ನಿನ್ನ ಹೆಸರ ಎಲ್ಲಿ ಐತೆಪಾ?"

ತೋರಿಸಿದೆ.

"ನಂದು?"

ನನ್ನ ಹೆಸರಿಗೆ ಹೊಂದಿಕೊಂಡೇ ಅವನ ಹೆಸರಿತ್ತು. ತೋರಿಸಿದೆ. ಬೆರಳಿನಿಂದ ಅದನ್ನು ಮುಟ್ಟಿ ನೋಡಿ ನಕ್ಕ. ಆಮೇಲೆ ಕಾಗದವನ್ನು ಹೊರಳಿಸಿದ. ಹಿಂದೆ ಬರೀ ಬಿಳಿ. ತಿರುಗಿ ಮುಂದೆ ಹಿಡಿದು, ಮೇಲಿನಿಂದ ಕೆಳಗಿನ ತನಕ ಹುಡುಕಿದ.

"ದಿನಾ ಗಾಡ್ಯಾಗ ಕುಂಡ್ರಿಸಿಕೊಂಡು ಸಾಲಿಗೆ ಕರಕೊಂಡು ಹೋಗಾಂವ, ಆ ತಾತ್ಯಾ," ಅಂದ. "ಅವನ ಹೆಸರ ನೀ ಹೇಳಲಿಲ್ಲೇನು ಇವರಿಗೆ?"